ಸಾಬೂನು, ಮುಲಾಮು, ಅಂಟು, ಶುಚಿಕಾರಕ: ಮನೆಯಲ್ಲೇ ತಯಾರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಬಳಕೆಯ ವಸ್ತುಗಳನ್ನು ಸ್ವತಃ ತಯಾರಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಅಳತೆಗಳ ಜೊತೆಗೆ ಪ್ರತಿಯೊಂದು ಸಾಮಗ್ರಿ ಏಕೆ ಬೇಕು ಎಂಬುದನ್ನೂ ಸಾಧ್ಯವಾದ ಮಟ್ಟಿಗೆ ವಿವರಿಸಲಾಗಿದೆ. ಕಾರಣ ಗೊತ್ತಿದ್ದವರು ಅಳತೆಯನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳಬಲ್ಲರು. ಕಾರಣ ಗೊತ್ತಿಲ್ಲದೆ ಬದಲಿಸಿದರೆ ಕೆಲವು ತಯಾರಿಕೆಗಳು ಕೆಡುತ್ತವೆ, ಇನ್ನು ಕೆಲವು ಅಪಾಯವನ್ನೇ ತರುತ್ತವೆ.

ಮನೆಯಲ್ಲಿ ಯಾವುದನ್ನು ತಯಾರಿಸಿಕೊಳ್ಳಬಹುದು, ಯಾವುದನ್ನು ತಯಾರಿಸಬಾರದು?

ನೀರಿಲ್ಲದ ಮುಲಾಮು, ಗಟ್ಟಿ ಸಾಬೂನು, ಹಿಟ್ಟಿನ ಅಂಟು, ಮಕ್ಕಳ ಆಟದ ಹಿಟ್ಟು, ಮೇಣದಬತ್ತಿ, ಬಟ್ಟೆಗೆ ಹಾಕುವ ಸಸ್ಯಜನ್ಯ ಬಣ್ಣ, ಪಾತ್ರೆಯ ಕರೆ ತೆಗೆಯುವ ದ್ರಾವಣ ಇವೆಲ್ಲವೂ ಮನೆಯಲ್ಲಿ ಚೆನ್ನಾಗಿ ಆಗುತ್ತವೆ ಮತ್ತು ತಪ್ಪಾದರೆ ಬಹುತೇಕ ಸಂದರ್ಭಗಳಲ್ಲಿ ಸಾಮಗ್ರಿ ಮಾತ್ರ ನಷ್ಟವಾಗುತ್ತದೆ. ಬಿಸಿಲಿನಿಂದ ರಕ್ಷಿಸುವ ಲೇಪ, ಕಣ್ಣಿಗೆ ಹಾಕುವ ಯಾವುದೇ ದ್ರವ, ತೆರೆದ ಗಾಯಕ್ಕೆ ಹಚ್ಚುವ ಔಷಧಿ, ಹಸುಗೂಸಿನ ಚರ್ಮಕ್ಕೆ ಹಚ್ಚುವ ಕ್ರೀಮು ಇವುಗಳನ್ನು ಮನೆಯಲ್ಲಿ ತಯಾರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇವು ಕೆಲಸ ಮಾಡುತ್ತಿವೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯಲು ಸಾಧ್ಯವಿಲ್ಲ, ತಿಳಿಯುವ ಹೊತ್ತಿಗೆ ಹಾನಿ ಆಗಿಬಿಟ್ಟಿರುತ್ತದೆ.

ಚಮಚ, ಲೋಟಗಳ ಅಳತೆ ಸಾಕೇ, ಅಥವಾ ತೂಕವೇ ಬೇಕೇ?

ಆಟದ ಹಿಟ್ಟು, ಅಂಟು ಮೊದಲಾದವುಗಳಿಗೆ ಲೋಟದ ಅಳತೆ ಧಾರಾಳವಾಗಿ ಸಾಕು. ಸಾಬೂನಿಗೆ ಮಾತ್ರ ತೂಕವಲ್ಲದೆ ಬೇರೆ ದಾರಿಯೇ ಇಲ್ಲ. ಎಣ್ಣೆಯನ್ನು ಸಾಬೂನಾಗಿಸುವ ಪ್ರಬಲ ಕ್ಷಾರವಾದ ಕಾಸ್ಟಿಕ್ ಸೋಡ ಕೆಲವೊಮ್ಮೆ ಪುಡಿಯಾಗಿ, ಕೆಲವೊಮ್ಮೆ ಹರಳಾಗಿ, ಕೆಲವೊಮ್ಮೆ ಚಪ್ಪಟೆ ಚಕ್ಕೆಯಾಗಿ ದೊರೆಯುವುದರಿಂದ ಒಂದೇ ಚಮಚದಲ್ಲಿ ಹಿಡಿಯುವ ಪ್ರಮಾಣ ಪ್ರತಿ ಸಲವೂ ಬೇರೆಯಾಗುತ್ತದೆ. 1 ಗ್ರಾಂವರೆಗೆ ನಿಖರವಾಗಿ ತೋರಿಸುವ ತಕ್ಕಡಿಯಿದ್ದರೆ ಅರ್ಧ ಕಿಲೋ ಎಣ್ಣೆಯ ಸಾಬೂನು ಮಾಡಬಹುದು. ಅದಕ್ಕಿಂತ ಚಿಕ್ಕ ಪ್ರಮಾಣದಲ್ಲಿ ಮಾಡುವವರಿಗೆ 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಈ ಕೆಲಸಕ್ಕೆ ಬಳಸುವ ಪಾತ್ರೆ, ಸೌಟು, ಅಳತೆಯ ಲೋಟಗಳನ್ನು ಅಡುಗೆಗೆ ಮರಳಿ ಬಳಸದೆ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.

ಅಡುಗೆ ಸೋಡ ಮತ್ತು ವಿನೆಗರ್ ಬೆರೆಸಿದರೆ ಒಳ್ಳೆಯ ಶುಚಿಕಾರಕ ಆಗುತ್ತದೆಯೇ?

ಆಗುವುದಿಲ್ಲ. ಎಲ್ಲೆಡೆ ಕಾಣಸಿಗುವ ಈ ಸಲಹೆ ನೊರೆಯ ಅಬ್ಬರದಿಂದಾಗಿಯೇ ಜನಪ್ರಿಯವಾಗಿದೆ. ವಿನೆಗರ್ ಆಮ್ಲ, ಅದರಲ್ಲಿ ಸಾಮಾನ್ಯವಾಗಿ ಶೇಕಡಾ 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಅಡುಗೆ ಸೋಡ ಸೌಮ್ಯ ಕ್ಷಾರ; ಅದರ ದ್ರಾವಣದ ಪಿಎಚ್ (ಆಮ್ಲ-ಕ್ಷಾರಗಳನ್ನು ಅಳೆಯುವ ಅಂಕಿ, 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ) ಸುಮಾರು 8.3. ಇವೆರಡೂ ಕೂಡಿದಾಗ ಒಂದು ಇನ್ನೊಂದರ ಗುಣವನ್ನು ಅಳಿಸಿಹಾಕಿ ಇಂಗಾಲದ ಡೈಆಕ್ಸೈಡ್ ಅನಿಲ, ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ ಉಳಿಯುತ್ತವೆ. ನೊರೆ ಇಳಿದ ಮೇಲೆ ಸೀಸೆಯಲ್ಲಿರುವುದು ಹೆಚ್ಚುಕಡಿಮೆ ಉಪ್ಪುನೀರು. ಅದನ್ನು ಬಿಗಿಯಾಗಿ ಮುಚ್ಚಿಟ್ಟರೆ ಅನಿಲದ ಒತ್ತಡಕ್ಕೆ ಸೀಸೆ ಒಡೆಯುವ ಸಾಧ್ಯತೆಯೂ ಇದೆ.

ಬೇರೆ ಬೇರೆಯಾಗಿ ಬಳಸಿದರೆ ಎರಡೂ ಉಪಯುಕ್ತ. ಅಡುಗೆ ಸೋಡವನ್ನು ಸ್ವಲ್ಪ ನೀರಿನಲ್ಲಿ ಕಲಸಿ ತಯಾರಿಸಿದ ಮುದ್ದೆ ಗೀರು ಬೀಳದಂತೆ ಉಜ್ಜಲು ಒಳ್ಳೆಯದು. ಗಡಸು ನೀರಿನಿಂದ ಕೆಟಲಿನ ಒಳಗೆ ಕಟ್ಟಿಕೊಳ್ಳುವ ಬಿಳಿ ಕರೆಯನ್ನು ಕರಗಿಸಲು ಆಮ್ಲ ಬೇಕು. ಒಂದು ಲೀಟರ್ ನೀರಿಗೆ 20ರಿಂದ 30 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಕುದಿಸಿ, ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ತೊಳೆದರೆ ಕರೆ ಬಿಡುತ್ತದೆ, ವಿನೆಗರಿನ ಘಾಟೂ ಇರುವುದಿಲ್ಲ. ಅಮೃತಶಿಲೆಯ ನೆಲ ಅಥವಾ ಕಟ್ಟೆಯ ಮೇಲೆ ಮಾತ್ರ ಯಾವ ಆಮ್ಲವನ್ನೂ ಹಾಕಬಾರದು. ಕೆಟಲಿನ ಕರೆ ಯಾವ ವಸ್ತುವೋ ಅಮೃತಶಿಲೆಯೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಹೊಳಪು ಹೋಗಿ ಮಾಸಲು ಕಲೆ ನಿಲ್ಲುತ್ತದೆ.

ಸೋಡ ಮತ್ತು ಆಮ್ಲಗಳ ಜೋಡಿ ನಿಜವಾಗಿ ಸಲ್ಲುವುದು ಸ್ನಾನದ ನೀರಿನಲ್ಲಿ ಗುಳ್ಳೆಯೇಳುವ ಉಂಡೆಗಳಲ್ಲಿ. ಅಲ್ಲಿ ನೊರೆಯೇ ಉದ್ದೇಶ. ಎರಡು ಪಾಲು ಅಡುಗೆ ಸೋಡಕ್ಕೆ ಒಂದು ಪಾಲು ಒಣ ಸಿಟ್ರಿಕ್ ಆಮ್ಲ ಬೆರೆಸಿ, ಕೆಲವೇ ಹನಿ ಎಣ್ಣೆ ಮತ್ತು ಸ್ಪಿರಿಟ್ ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವ ಹದಕ್ಕೆ ತಂದು ಅಚ್ಚಿಗೆ ಒತ್ತಬೇಕು. ತೇವಾಂಶ ಹೆಚ್ಚಿರುವ ದಿನ ಇದನ್ನು ಮಾಡಲು ಹೋಗದಿರುವುದು ಲೇಸು.

ದ್ರವ ಸಾಬೂನಿಗೆ ವಿನೆಗರ್ ಸೇರಿಸಿದಾಗ ಮೊಸರಿನಂತೆ ಒಡೆಯಿತು. ಕಾರಣವೇನು?

ಸಾಬೂನು ಎಂದರೆ ಕೊಬ್ಬಿನ ಆಮ್ಲಗಳು ಕ್ಷಾರದೊಂದಿಗೆ ಕೂಡಿ ಆದ ಲವಣ. ಅದಕ್ಕೆ ವಿನೆಗರ್ ಬಿದ್ದಾಗ ಕ್ಷಾರದ ಭಾಗವನ್ನು ವಿನೆಗರ್ ಕಸಿದುಕೊಳ್ಳುತ್ತದೆ, ಕೊಬ್ಬಿನ ಆಮ್ಲ ಬಿಳಿ ಗರಣೆಯಾಗಿ ಬೇರ್ಪಡುತ್ತದೆ, ಜಿಡ್ಡು ತೆಗೆಯಬೇಕಾದ ದ್ರವ ತಾನೇ ಜಿಡ್ಡಾಗುತ್ತದೆ. ಪಾತ್ರೆ ತೊಳೆಯುವ ಬಹಳಷ್ಟು ಡಿಟರ್ಜೆಂಟ್ ದ್ರವಗಳು ಸಾಬೂನಿನಿಂದ ಆದವುಗಳಲ್ಲವಾದ್ದರಿಂದ ಅವು ಹೀಗೆ ಒಡೆಯುವುದಿಲ್ಲ. ತಲೆಗೆ ಗಟ್ಟಿ ಸಾಬೂನು ಬಳಸಿ ಮೇಲೆ ವಿನೆಗರ್ ನೀರು ಹಾಕುವವರು ಸಾಬೂನನ್ನು ಪೂರ್ತಿಯಾಗಿ ತೊಳೆದ ಬಳಿಕವೇ ಅದನ್ನು ಹಾಕಬೇಕಾದುದೂ ಇದೇ ಕಾರಣಕ್ಕೆ.

ಯಾವ ವಸ್ತುಗಳನ್ನು ಯಾವ ಕಾರಣಕ್ಕೂ ಒಟ್ಟಿಗೆ ಬೆರೆಸಬಾರದು?

ಈ ಉತ್ತರವನ್ನು ದಯವಿಟ್ಟು ಗಮನವಿಟ್ಟು ಓದಿ. ಬ್ಲೀಚಿಗೆ ವಿನೆಗರ್, ನಿಂಬೆರಸ, ಶೌಚಾಲಯ ತೊಳೆಯುವ ಆಮ್ಲ ಇವುಗಳಲ್ಲಿ ಯಾವುದು ಬಿದ್ದರೂ ಕ್ಲೋರಿನ್ ಅನಿಲ ಹೊರಡುತ್ತದೆ. ಬ್ಲೀಚಿಗೆ ಅಮೋನಿಯ ಸೇರಿದರೆ ಕ್ಲೋರಮಿನ್ ಅನಿಲಗಳು ಹುಟ್ಟುತ್ತವೆ; ಕೆಲವು ಗಾಜು ಒರೆಸುವ ದ್ರವಗಳಲ್ಲಿ ಅಮೋನಿಯ ಇರುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಬ್ಲೀಚ್ ಮತ್ತು ಸ್ಪಿರಿಟ್ ಕೂಡಿದರೆ ಕ್ಲೋರೊಫಾರ್ಮ್‌ನಂಥ ವಿಷವಸ್ತುಗಳು ಉಂಟಾಗುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಿನೆಗರ್ ಒಂದೇ ಸೀಸೆಯಲ್ಲಿ ಸೇರಿದರೆ ಕಣ್ಣು, ಮೂಗು, ಚರ್ಮಗಳನ್ನು ಸುಡುವ ಪೆರಾಸಿಟಿಕ್ ಆಮ್ಲ ಉಂಟಾಗುತ್ತದೆ.

ಅಪಾಯ ಬರುವುದು ಸಾಮಾನ್ಯವಾಗಿ ಬೇಕೆಂದೇ ಬೆರೆಸುವುದರಿಂದಲ್ಲ. ನೆಲಕ್ಕೆ ಒಂದನ್ನು ಹಾಕಿ, ತೊಳೆಯದೆ, ಅದರ ಮೇಲೆ ಇನ್ನೊಂದನ್ನು ಹಾಕಿದಾಗ ಅಥವಾ ಹಳೆಯ ಸೀಸೆಯ ತಳದಲ್ಲಿ ಉಳಿದದ್ದರ ಮೇಲೆ ಹೊಸದನ್ನು ಸುರಿದಾಗ ಬರುತ್ತದೆ. ಬ್ಲೀಚನ್ನು ತಣ್ಣೀರಿನ ಹೊರತು ಬೇರೆ ಯಾವುದರೊಂದಿಗೂ ಬೆರೆಸುವುದಿಲ್ಲ ಎಂಬ ನಿಯಮವೊಂದನ್ನು ಪಾಲಿಸಿದರೆ ಇವುಗಳಲ್ಲಿ ಹೆಚ್ಚಿನವು ತಪ್ಪುತ್ತವೆ. ಘಾಟು ಎದ್ದರೆ ತೊಳೆಯಲು ನಿಲ್ಲದೆ ಮೊದಲು ಹೊರಗೆ ಗಾಳಿಗೆ ಬರಬೇಕು. ಉಸಿರಾಟದ ತೊಂದರೆ ಇದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಅಡುಗೆ ಸೋಡದಿಂದ ವಾಷಿಂಗ್ ಸೋಡ ಮಾಡಬಹುದೇ?

ಮಾಡಬಹುದು. ಅಡುಗೆ ಸೋಡವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಒಲೆಪೆಟ್ಟಿಗೆಯಲ್ಲಿ (ಓವನ್) 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ, ನಡುವೆ ಒಂದೆರಡು ಬಾರಿ ಕೆದಕುತ್ತ ಇಟ್ಟರೆ ಅದರಲ್ಲಿನ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ವಾಷಿಂಗ್ ಸೋಡ ಉಳಿಯುತ್ತದೆ. 100 ಗ್ರಾಂ ಹಾಕಿದರೆ ಸುಮಾರು 63 ಗ್ರಾಂ ದೊರೆಯಬೇಕು; ತೂಗಿ ನೋಡುವುದೇ ಪರಿವರ್ತನೆ ಪೂರ್ಣವಾಯಿತೇ ಎಂದು ತಿಳಿಯುವ ಸುಲಭ ಮಾರ್ಗ. ದೊರೆತದ್ದು ಪ್ರಬಲ ಕ್ಷಾರ, ಅದರ ದ್ರಾವಣದ ಪಿಎಚ್ 11ರ ಆಸುಪಾಸಿನಲ್ಲಿರುತ್ತದೆ. ಕೈಗವಸು ಹಾಕಿಕೊಂಡೇ ಬಳಸಬೇಕು, ಅಲ್ಯೂಮಿನಿಯಂ ಪಾತ್ರೆಗಳಿಂದ ದೂರ ಇಡಬೇಕು.

ತುರಿದ ಸಾಬೂನು ಮತ್ತು ವಾಷಿಂಗ್ ಸೋಡ ಸೇರಿಸಿದ ಪುಡಿ ಬಟ್ಟೆಗೆ ಸಾಕೇ?

ಮೃದು ನೀರು ಇರುವಲ್ಲಿ ಕೈಯಿಂದ ಒಗೆಯುವವರಿಗೆ ಸಾಕು. ಗಡಸು ನೀರಿನಲ್ಲಿ ಸಾಬೂನು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಜೊತೆ ಕೂಡಿ ಕರಗದ ಗಸಿಯಾಗುತ್ತದೆ. ಈ ಗಸಿ ಎಳೆಗಳ ನಡುವೆ ಕೂತು ಬಿಳಿ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ, ಟವೆಲು ನೀರು ಹೀರುವುದನ್ನು ಬಿಡುತ್ತದೆ, ಒಗೆಯುವ ಯಂತ್ರದ ಒಳಗೂ ಪದರ ಕಟ್ಟುತ್ತದೆ. ವಾಷಿಂಗ್ ಸೋಡ ಇದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆಯೇ ಹೊರತು ಪೂರ್ತಿಯಾಗಿ ಅಲ್ಲ. ಯಂತ್ರ ಬಳಸುವವರು ಡಿಟರ್ಜೆಂಟನ್ನೇ ಬಳಸುವುದು ಒಳ್ಳೆಯದೆಂದು ನನ್ನ ಸಲಹೆ. ಅಂಟುವಾಳಕಾಯಿಯ ನೊರೆ ಮಾತ್ರ ಗಡಸು ನೀರಿನಲ್ಲೂ ಗಸಿಯಾಗುವುದಿಲ್ಲ, ಏಕೆಂದರೆ ಅದರ ನೊರೆಗೆ ಕಾರಣವಾದ ಸಪೋನಿನ್ ಸಾಬೂನಿನ ಜಾತಿಯದಲ್ಲ. ಉಣ್ಣೆ, ರೇಷ್ಮೆಗಳಿಗೆ ಅದು ಹಿತವಾದದ್ದು. ಎಣ್ಣೆಯ ಗಾಢ ಕಲೆಗೆ ಅದರ ಶಕ್ತಿ ಸಾಲದು. ಕಾಯಿ ಬೇಯಿಸಿದ ನೀರು ಬೇಗ ಹುಳಿಯುವುದರಿಂದ ಬೇಕಾದಾಗಲೆಲ್ಲ ಹೊಸದಾಗಿ ತಯಾರಿಸಿಕೊಳ್ಳಬೇಕು.

ಕಾಸ್ಟಿಕ್ ಸೋಡ ಬಳಸದೆ ಸಾಬೂನು ಮಾಡಲು ಸಾಧ್ಯವೇ?

ಇಲ್ಲ. ಕರಗಿಸಿ ಅಚ್ಚಿಗೆ ಹೊಯ್ಯುವ ಸಿದ್ಧ ಸಾಬೂನಿನ ಗಡ್ಡೆಯನ್ನು ತಂದು ಬಣ್ಣ, ಪರಿಮಳ ಸೇರಿಸುವವರು ಕಾಸ್ಟಿಕ್ ಸೋಡ ಮುಟ್ಟಬೇಕಾಗಿಲ್ಲ ನಿಜ, ಆದರೆ ಆ ಗಡ್ಡೆಯನ್ನು ತಯಾರಿಸುವಾಗ ಬೇರೆಯವರು ಕ್ಷಾರವನ್ನು ಬಳಸಿಯೇ ಇರುತ್ತಾರೆ. ಎಣ್ಣೆ ಮತ್ತು ಕ್ಷಾರ ಕೂಡಿ ಸಾಬೂನು ಮತ್ತು ಗ್ಲಿಸರಿನ್ ಆಗುವುದೇ ಈ ಕ್ರಿಯೆಯ ತಿರುಳು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೂಲ್ ಕೊಬ್ಬುಗಳ ಕುರಿತ ತನ್ನ ಸಂಶೋಧನೆಗಳನ್ನು 1823ರಲ್ಲಿ ಪ್ರಕಟಿಸಿ ಇದನ್ನು ಸ್ಪಷ್ಟಪಡಿಸಿದ. ಅದಕ್ಕೂ ಬಹು ಹಿಂದಿನಿಂದ ಜನ ಬೂದಿಯಿಂದ ತೆಗೆದ ಕ್ಷಾರದಲ್ಲಿ ಸಾಬೂನು ಬೇಯಿಸುತ್ತಿದ್ದರು. ಕ್ರಿಯೆ ಸರಿಯಾಗಿ ಮುಗಿದ ಸಾಬೂನಿನಲ್ಲಿ ಕಾಸ್ಟಿಕ್ ಸೋಡ ಉಳಿದಿರುವುದಿಲ್ಲ. ಆದ್ದರಿಂದ ಭಯಪಡಬೇಕಾದದ್ದು ಸಾಬೂನಿಗಲ್ಲ, ತಯಾರಿಸುವ ಹೊತ್ತಿನ ಅಜಾಗ್ರತೆಗೆ.

ಹಾಗಾದರೆ ಅಳತೆಯನ್ನು ಹೇಗೆ ಲೆಕ್ಕ ಹಾಕಬೇಕು, ವಿಧಾನವೇನು?

ಪ್ರತಿಯೊಂದು ಎಣ್ಣೆಗೂ ಬೇಕಾಗುವ ಕಾಸ್ಟಿಕ್ ಸೋಡದ ಪ್ರಮಾಣ ಬೇರೆ. ಒಂದು ಗ್ರಾಂ ತೆಂಗಿನೆಣ್ಣೆಗೆ ಸುಮಾರು 0.183 ಗ್ರಾಂ ಬೇಕಾದರೆ, ಒಂದು ಗ್ರಾಂ ಆಲಿವ್ ಎಣ್ಣೆಗೆ ಸುಮಾರು 0.135 ಗ್ರಾಂ, ಹರಳೆಣ್ಣೆಗೆ ಸುಮಾರು 0.128 ಗ್ರಾಂ ಸಾಕು. ಆದ್ದರಿಂದ ಒಂದು ಎಣ್ಣೆಯ ಬದಲು ಅದೇ ತೂಕದ ಇನ್ನೊಂದು ಎಣ್ಣೆಯನ್ನು ಹಾಕಿ ಸೋಡದ ಅಳತೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ದೊಡ್ಡ ತಪ್ಪು. ಉದಾಹರಣೆಗೆ 300 ಗ್ರಾಂ ಆಲಿವ್ ಎಣ್ಣೆಗೆ 40.5 ಗ್ರಾಂ, 200 ಗ್ರಾಂ ತೆಂಗಿನೆಣ್ಣೆಗೆ 36.6 ಗ್ರಾಂ, ಒಟ್ಟು 77.1 ಗ್ರಾಂ. ಇದರಲ್ಲಿ ಶೇಕಡಾ 5ರಷ್ಟನ್ನು ಕಳೆದು 73 ಗ್ರಾಂ ಮಾತ್ರ ಹಾಕುತ್ತೇವೆ. ಹೀಗೆ ಕಳೆಯುವುದರಿಂದ ಸ್ವಲ್ಪ ಎಣ್ಣೆ ಸಾಬೂನಾಗದೆ ಉಳಿದು ಚರ್ಮಕ್ಕೆ ಮೃದುವಾಗುತ್ತದೆ, ತೂಕದಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆಯಾದರೂ ಕ್ಷಾರ ಮಿಗುವುದಿಲ್ಲ. ನೀರು ಸೋಡದ ಎರಡರಷ್ಟು, ಅಂದರೆ ಸುಮಾರು 150 ಗ್ರಾಂ.

ಕನ್ನಡಕ, ಕೈಗವಸು, ತುಂಬುತೋಳಿನ ಬಟ್ಟೆ ಧರಿಸಿ, ಕಿಟಕಿಗಳನ್ನು ತೆರೆದು, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹೊರಗಿಟ್ಟು ಕೆಲಸ ಆರಂಭಿಸಬೇಕು. ಸೋಡವನ್ನು ತಣ್ಣೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಸೋಡದ ಮೇಲೆ ನೀರನ್ನು ಎಂದಿಗೂ ಸುರಿಯಬಾರದು. ಸುರಿದರೆ ಒಮ್ಮೆಲೇ ಹುಟ್ಟುವ ಶಾಖಕ್ಕೆ ದ್ರವ ಸಿಡಿದು ಮುಖಕ್ಕೆ ಹಾರಬಹುದು. ಪಾತ್ರೆ ಸ್ಟೀಲಿನದಾಗಲಿ ಗಟ್ಟಿ ಪ್ಲಾಸ್ಟಿಕ್ಕಿನದಾಗಲಿ ಇರಲಿ. ಅಲ್ಯೂಮಿನಿಯಂ ಸಲ್ಲದು, ಅದನ್ನು ಕ್ಷಾರ ಕೊರೆದು ಉರಿಯುವ ಹೈಡ್ರೋಜನ್ ಅನಿಲವನ್ನು ಹೊರಡಿಸುತ್ತದೆ. ದ್ರಾವಣವೂ ಎಣ್ಣೆಯೂ 40 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ದ್ರಾವಣವನ್ನು ಎಣ್ಣೆಗೆ ಸುರಿದು ಕದಡುತ್ತಾ ಹೋಗಬೇಕು. ಮೊದಲು ಎಣ್ಣೆಯ ಹೊಳಪು ಮಾಸಿ ಬಣ್ಣ ತಿಳಿಯಾಗುತ್ತದೆ, ಆಮೇಲೆ ದ್ರವ ದಪ್ಪವಾಗುತ್ತದೆ. ಸೌಟಿನಿಂದ ಮೇಲೆ ಒಂದು ಎಳೆ ಬಿಟ್ಟರೆ ಅದು ತಕ್ಷಣ ಮುಳುಗದೆ ಮೇಲ್ಮೈಯಲ್ಲಿ ಗೆರೆಯಾಗಿ ನಿಲ್ಲಬೇಕು. ಅದೇ ಅಚ್ಚಿಗೆ ಹೊಯ್ಯುವ ಹದ. ಗೆರೆ ನಿಲ್ಲುವ ಮೊದಲೇ ಹೊಯ್ದರೆ ಎಣ್ಣೆ ಬೇರ್ಪಟ್ಟು ಮೇಲೆ ತೇಲಬಹುದು.

ಚರ್ಮಕ್ಕೆ ಹನಿ ಸಿಡಿದರೆ ಧಾರಾಳವಾಗಿ ಹರಿಯುವ ನೀರಿನಿಂದ ತೊಳೆಯಬೇಕು. ವಿನೆಗರ್ ಹಚ್ಚಬೇಕೆಂಬ ಹಳೆಯ ಸಲಹೆಯನ್ನು ಅನುಸರಿಸಬಾರದು, ನೀರನ್ನು ಹುಡುಕುವ ಬದಲು ವಿನೆಗರನ್ನು ಹುಡುಕುವ ಆ ಕ್ಷಣಗಳಲ್ಲೇ ಸುಟ್ಟಗಾಯ ಆಳವಾಗುತ್ತದೆ. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ತೊಳೆಯುತ್ತಲೇ ಇದ್ದು ಕೂಡಲೇ ವೈದ್ಯರನ್ನು ಕಾಣಬೇಕು.

ಅಚ್ಚಿನಿಂದ ತೆಗೆದ ಸಾಬೂನನ್ನು ಎಷ್ಟು ದಿನ ಬಿಡಬೇಕು?

ಒಂದೆರಡು ದಿನಗಳಲ್ಲಿ ರಾಸಾಯನಿಕ ಕ್ರಿಯೆ ಬಹುಮಟ್ಟಿಗೆ ಮುಗಿದಿರುತ್ತದೆ. ಆದರೂ 4ರಿಂದ 6 ವಾರ ಗಾಳಿಯಾಡುವ ಕಡೆ ಬಿಡಿಬಿಡಿಯಾಗಿ ಇಡುವುದು ನೀರಿನಂಶ ಆರಿ ಸಾಬೂನು ಗಟ್ಟಿಯಾಗಲೆಂದು, ಬಳಸುವಾಗ ಬೇಗ ಸವೆಯದಿರಲೆಂದು. ಸಿದ್ಧವಾದ ಸಾಬೂನಿನ ಪಿಎಚ್ 9ರಿಂದ 10ರ ನಡುವೆ ಇರುವುದು ಸಹಜ. ಅದನ್ನು ಚರ್ಮದ ಮಟ್ಟಕ್ಕೆ ಇಳಿಸುತ್ತೇನೆಂದು ನಿಂಬೆರಸ ಸೇರಿಸಿದರೆ ಮೇಲೆ ಹೇಳಿದಂತೆ ಸಾಬೂನು ಒಡೆಯುತ್ತದೆ.

ನೀರಿಲ್ಲದ ಮುಲಾಮನ್ನು ಹೇಗೆ ತಯಾರಿಸುವುದು? ನನ್ನದು ಮರಳುಮರಳಾಯಿತು.

ಮೊದಲ ಬಾರಿಗೆ ಏನನ್ನಾದರೂ ತಯಾರಿಸಲು ಹೊರಟವರಿಗೆ ನಾನು ಸೂಚಿಸುವುದು ಇದನ್ನೇ. ತೂಕದಲ್ಲಿ ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಎಣ್ಣೆ. ತುಟಿಗೆ ಹಚ್ಚುವ ಗಟ್ಟಿ ಕಡ್ಡಿಯಾದರೆ ಮೂರು ಪಾಲು ಎಣ್ಣೆ. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ, ಆದ್ದರಿಂದ ನೇರ ಉರಿಗಿಡದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಕರಗಿದ ಮೇಲೆ ತಣ್ಣಗಿನ ಚಮಚದ ಬೆನ್ನಿಗೆ ಒಂದು ಹನಿ ಬಿಟ್ಟು ಆರಿಸಿ, ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಚೂರು ಮೇಣ, ಗಡುಸಾಗಿದ್ದರೆ ಚೂರು ಎಣ್ಣೆ ಸೇರಿಸಬಹುದು. ಈ ಪರೀಕ್ಷೆಯೊಂದನ್ನು ಮಾಡಿದರೆ ಡಬ್ಬಿಗೆ ಹೊಯ್ದ ಮೇಲೆ ಪಶ್ಚಾತ್ತಾಪ ಪಡಬೇಕಾಗಿಲ್ಲ.

ಮರಳುಮರಳಾಗುವುದು ಸಾಮಾನ್ಯವಾಗಿ ಶಿಯಾ ಬೆಣ್ಣೆ, ಕೋಕೋ ಬೆಣ್ಣೆಗಳನ್ನು ಬಳಸಿದಾಗ. ಅವುಗಳಲ್ಲಿರುವ ಬೇರೆ ಬೇರೆ ಕೊಬ್ಬುಗಳು ಬೇರೆ ಬೇರೆ ಉಷ್ಣತೆಯಲ್ಲಿ ಗಟ್ಟಿಯಾಗುತ್ತವೆ. ನಿಧಾನವಾಗಿ ಆರಿದರೆ ಗಟ್ಟಿ ಕೊಬ್ಬು ಮೊದಲೇ ಕಾಳುಗಟ್ಟುತ್ತದೆ. ಮತ್ತೆ ಪೂರ್ತಿ ಕರಗಿಸಿ, ಡಬ್ಬಿಗೆ ಹೊಯ್ದ ತಕ್ಷಣ ಶೀತಕದಲ್ಲಿ (ಫ್ರಿಜ್) ಇಟ್ಟು ಬೇಗ ಆರಿಸಿದರೆ ಸರಿಹೋಗುತ್ತದೆ. ಕಾಳುಗಳಿಂದ ಹಾನಿಯೇನೂ ಇಲ್ಲ.

ಮನೆಯಲ್ಲಿ ಮಾಡಿದ ಕ್ರೀಮು ಒಂದೇ ವಾರದಲ್ಲಿ ಕೆಡುತ್ತದೆ. ವಿಟಮಿನ್ ಇ ಹಾಕಿದರೆ ಉಳಿಯುತ್ತದೆಯೇ?

ಮುಲಾಮಿಗೂ ಕ್ರೀಮಿಗೂ ಇರುವ ವ್ಯತ್ಯಾಸ ನೀರು. ನೀರಿರುವಲ್ಲಿ ಬ್ಯಾಕ್ಟೀರಿಯಾ, ಬೂಸ್ಟುಗಳು ಬೆಳೆದೇ ಬೆಳೆಯುತ್ತವೆ. ಗುಲಾಬಿ ಜಲ, ಲೋಳೆಸರದ ತಿರುಳು, ಗಿಡಮೂಲಿಕೆಯ ಕಷಾಯ ಎಲ್ಲವೂ ಈ ಲೆಕ್ಕದಲ್ಲಿ ನೀರೇ. ವಿಟಮಿನ್ ಇ ಎಣ್ಣೆ ಕಮಟುವುದನ್ನು ನಿಧಾನಗೊಳಿಸುವ ವಸ್ತು, ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಸುಗಂಧ ತೈಲಗಳೂ ಚರ್ಮಕ್ಕೆ ಸುರಕ್ಷಿತವಾದ ಪ್ರಮಾಣದಲ್ಲಿ ಆ ಕೆಲಸ ಮಾಡಲಾರವು. ಬೂಸ್ಟು ಕಣ್ಣಿಗೆ ಕಾಣುವ ಬಹು ಮೊದಲೇ ಬ್ಯಾಕ್ಟೀರಿಯಾ ಬೆಳೆದಿರಬಹುದು ಎಂಬುದೇ ಇಲ್ಲಿನ ಆತಂಕದ ವಿಷಯ.

ಎರಡು ದಾರಿಗಳಿವೆ. ಒಂದೆರಡು ಬಾರಿಗೆ ಸಾಕಾಗುವಷ್ಟು ಮಾತ್ರ ತಯಾರಿಸಿ, ಶೀತಕದಲ್ಲಿಟ್ಟು, ಎರಡು ಮೂರು ದಿನದೊಳಗೆ ಮುಗಿಸುವುದು ಒಂದು. ಸೌಂದರ್ಯ ಸಾಧನಗಳಿಗೆಂದೇ ಮಾರುವ ಸಂರಕ್ಷಕವನ್ನು ತೂಗಿ ಹಾಕುವುದು ಇನ್ನೊಂದು. ಉದಾಹರಣೆಗೆ ಫಿನಾಕ್ಸಿಎಥನಾಲ್‌ಗೆ ಐರೋಪ್ಯ ಒಕ್ಕೂಟದ ನಿಯಮದಲ್ಲಿ ಶೇಕಡಾ 1ರ ಮಿತಿಯಿದೆ. ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್‌ಗಳು ಆಮ್ಲೀಯ ಮಿಶ್ರಣದಲ್ಲಿ ಮಾತ್ರ ಕೆಲಸ ಮಾಡುವುದರಿಂದ ಅವನ್ನು ಬಳಸುವವರು ಪಿಎಚ್ ಪಟ್ಟಿಯನ್ನೂ ಇಟ್ಟುಕೊಳ್ಳಬೇಕು. ಸಂರಕ್ಷಕ ಎಂಬ ಹೆಸರಿಗೇ ಹೆದರಿ ಅದಿಲ್ಲದೆ ತಿಂಗಳುಗಟ್ಟಲೆ ಕ್ರೀಮು ಇಟ್ಟುಕೊಳ್ಳುವುದು ಹೆಚ್ಚು ಅಪಾಯಕರ. ಸಕ್ಕರೆ ಮತ್ತು ಎಣ್ಣೆಯ ಉಜ್ಜುಪುಡಿಯಲ್ಲಿ ನೀರಿಲ್ಲದಿದ್ದರೂ ಬಚ್ಚಲಿನಲ್ಲಿ ಒದ್ದೆ ಕೈ ಹಾಕಿದರೆ ನೀರು ಸೇರುತ್ತದೆ. ಒಣ ಚಮಚದಿಂದ ತೆಗೆಯಬೇಕು.

ಮುಖಕ್ಕೆ ನಿಂಬೆರಸ, ಅಡುಗೆ ಸೋಡ ಹಚ್ಚಬಹುದೇ?

ಎರಡೂ ಬೇಡ. ಆರೋಗ್ಯವಂತ ಚರ್ಮದ ಮೇಲ್ಮೈ ಪಿಎಚ್ ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿರುತ್ತದೆ; ನಿಂಬೆರಸದ್ದು ಸುಮಾರು 2. ಅದಕ್ಕಿಂತ ಮುಖ್ಯವಾಗಿ, ನಿಂಬೆಯ ಜಾತಿಯ ಹಣ್ಣುಗಳ ರಸ ಮತ್ತು ಸಿಪ್ಪೆಯಲ್ಲಿರುವ ಫ್ಯೂರನೊಕೌಮರಿನ್ ಎಂಬ ವಸ್ತುಗಳು ಚರ್ಮದ ಮೇಲಿರುವಾಗ ಬಿಸಿಲು ತಗುಲಿದರೆ ಸುಟ್ಟಂತೆ ಗುಳ್ಳೆಗಳೆದ್ದು ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬಣ್ಣ ತಿಳಿಯಾಗಲೆಂದು ಹಚ್ಚಿದವರಿಗೆ ಇದಕ್ಕಿಂತ ದೊಡ್ಡ ನಿರಾಸೆ ಇಲ್ಲ. ಅಡುಗೆ ಸೋಡ ವಿರುದ್ಧ ದಿಕ್ಕಿನಲ್ಲಿ ಹಾನಿ ಮಾಡುತ್ತದೆ, ಚರ್ಮವನ್ನು ಒಣಗಿಸಿ ಉರಿ ತರಿಸುತ್ತದೆ. ಕೂದಲಿಗೂ ಅದು ಒಳ್ಳೆಯದಲ್ಲ.

ಸುಗಂಧ ತೈಲವನ್ನು ಎಷ್ಟು ಹಾಕಬೇಕು?

ಮೈಗೆ ಹಚ್ಚುವ ವಸ್ತುಗಳಲ್ಲಿ ಶೇಕಡಾ 1ರಿಂದ 2, ಮುಖಕ್ಕಾದರೆ ಶೇಕಡಾ 1ಕ್ಕಿಂತ ಕಡಿಮೆ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಎಂದು ಲೆಕ್ಕ ಹಿಡಿದರೆ 30 ಮಿಲಿಲೀಟರ್ ಎಣ್ಣೆಗೆ ಶೇಕಡಾ 1 ಎಂದರೆ ಕೇವಲ 6 ಹನಿ. ನೇರವಾಗಿ ಚರ್ಮಕ್ಕೆ ಹಚ್ಚುವುದು, ಸೇವಿಸುವುದು ಎರಡೂ ಸಲ್ಲ. ಕರ್ಪೂರ, ನೀಲಗಿರಿ ಎಣ್ಣೆಗಳನ್ನು ಎಳೆಮಕ್ಕಳ ಮೂಗಿನ ಬಳಿ ಹಚ್ಚಬಾರದು. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಸೆಳೆತ ಬರುತ್ತದೆ. ಬೆಕ್ಕಿನ ಯಕೃತ್ತು ಇಂತಹ ಅನೇಕ ವಸ್ತುಗಳನ್ನು ಅರಗಿಸಲಾರದು, ಟೀ ಟ್ರೀ ಎಣ್ಣೆಯಂತೂ ಅದಕ್ಕೆ ವಿಷ. ಯಾವುದೇ ಹೊಸ ತಯಾರಿಕೆಯನ್ನು ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪವೇ ಹಚ್ಚಿ ಕೆಲವು ದಿನ ಗಮನಿಸಿ ಆಮೇಲೆ ಬಳಸಬೇಕು.

ಜಿಂಕ್ ಆಕ್ಸೈಡ್ ತಂದು ಸನ್‌ಸ್ಕ್ರೀನ್ ಮಾಡಬಹುದಲ್ಲವೇ?

ಬೇಡ. ಜಿಂಕ್ ಆಕ್ಸೈಡ್ ರಕ್ಷಣೆ ಕೊಡುವುದು ಅದರ ಕಣಗಳು ಲೇಪದಲ್ಲಿ ಸಮನಾಗಿ ಹರಡಿದ್ದಾಗ ಮಾತ್ರ. ಕೈಯಿಂದ ಕಲಸಿದಾಗ ಅವು ಗುಂಪುಗೂಡುತ್ತವೆ. ಲೇಪ ಬೆಳ್ಳಗೆ ಕಂಡರೂ ನಡುನಡುವೆ ರಕ್ಷಣೆಯೇ ಇಲ್ಲದ ಜಾಗಗಳು ಉಳಿಯುತ್ತವೆ.

ಸ್ಪಿರಿಟ್ ಮತ್ತು ಲೋಳೆಸರದ ಜೆಲ್ ಬೆರೆಸಿ ಸ್ಯಾನಿಟೈಸರ್ ಮಾಡಿದರೆ ಸಾಕೇ?

ಲೆಕ್ಕ ಹಾಕಿ ನೋಡಿ. ಶೇಕಡಾ 70ರ ಸ್ಪಿರಿಟ್ ಎರಡು ಪಾಲು, ಜೆಲ್ ಒಂದು ಪಾಲು ಬೆರೆಸಿದರೆ ಉಳಿಯುವುದು ಶೇಕಡಾ 47ಕ್ಕೂ ಕಡಿಮೆ ಆಲ್ಕೊಹಾಲ್. ಕನಿಷ್ಠ ಶೇಕಡಾ 60 ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಸೂತ್ರದಲ್ಲಿ 10 ಲೀಟರಿಗೆ ಶೇಕಡಾ 96ರ ಎಥನಾಲ್ 8,333 ಮಿಲಿಲೀಟರ್, ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿಲೀಟರ್, ಶೇಕಡಾ 98ರ ಗ್ಲಿಸರಿನ್ 145 ಮಿಲಿಲೀಟರ್, ಉಳಿದದ್ದು ಕಾಯಿಸಿ ಆರಿಸಿದ ಅಥವಾ ಭಟ್ಟಿ ಇಳಿಸಿದ ನೀರು. ತುಂಬಿದ ಸೀಸೆಗಳನ್ನು 72 ಗಂಟೆ ಬಿಟ್ಟು ಬಳಸಬೇಕು. ಆದರೆ ಆ ಸೂತ್ರ ಔಷಧಾಲಯಗಳಂಥ ತಾಣಗಳಿಗಾಗಿ ಬರೆದದ್ದು, ಮನೆಯ ಒಲೆಯ ಬಳಿ ಲೀಟರುಗಟ್ಟಲೆ ಎಥನಾಲ್ ಇಟ್ಟುಕೊಳ್ಳುವವರಿಗಾಗಿ ಅಲ್ಲ. ಕೈಗಾರಿಕೆಯ ಸ್ಪಿರಿಟ್‌ನಲ್ಲಿ ವಿಷಕಾರಿ ಮೆಥನಾಲ್ ಇರಬಹುದು. ಸಾಬೂನು ಮತ್ತು ನೀರು ಇರುವಲ್ಲಿ ಇದರ ಗೋಜಿಗೇ ಹೋಗಬೇಕಾಗಿಲ್ಲ.

ಹಿಟ್ಟಿನ ಅಂಟು ಗಂಟುಗಂಟಾಗುತ್ತದೆ, ಬೇಗ ಹುಳಿಯುತ್ತದೆ. ಪರಿಹಾರವೇನು?

ಒಂದು ಪಾಲು ಮೈದಾ ಹಿಟ್ಟಿಗೆ ಐದು ಪಾಲು ನೀರು. ಹಿಟ್ಟನ್ನು ಮೊದಲು ಒಂದು ಪಾಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಕೊಂಡು, ಉಳಿದ ನೀರು ಕುದಿಯುತ್ತಿರುವಾಗ ಸಣ್ಣ ಧಾರೆಯಾಗಿ ಸುರಿಯುತ್ತ ಕೈ ಬಿಡದೆ ತಿರುವಬೇಕು. ಪಿಷ್ಟದ ಕಣಗಳು ಸುಮಾರು 60 ಡಿಗ್ರಿಯ ಬಳಿಕ ನೀರು ಕುಡಿದು ಉಬ್ಬತೊಡಗುತ್ತವೆ. ಹಾಲುಬಿಳಿಯ ದ್ರವ ಇದ್ದಕ್ಕಿದ್ದಂತೆ ದಪ್ಪವಾಗಿ, ಅರೆಪಾರದರ್ಶಕವಾಗಿ, ಸೌಟಿನ ಹಿಂದೆ ಮಂದವಾಗಿ ಮುಚ್ಚಿಕೊಳ್ಳತೊಡಗುತ್ತದೆ. ಅಲ್ಲಿಂದ ಇನ್ನೆರಡು ನಿಮಿಷ ಬೇಯಿಸಿದರೆ ಹಸಿ ಹಿಟ್ಟಿನ ವಾಸನೆ ಹೋಗುತ್ತದೆ, ಅಂಟು ಗಟ್ಟಿಯಾಗಿ ಹಿಡಿಯುತ್ತದೆ. ಕಾಗದದ ಮುಖವಾಡ, ಬುಟ್ಟಿಗಳಿಗೆ ಇದಕ್ಕೇ ಇನ್ನಷ್ಟು ನೀರು ಬೆರೆಸಿಕೊಳ್ಳಬಹುದು. ಹುಳಿಯದಿರಲು ಸ್ವಲ್ಪ ಪಟಿಕದ ಪುಡಿ ಅಥವಾ ಕೆಲವು ಹನಿ ಲವಂಗದ ಎಣ್ಣೆ ಸೇರಿಸುತ್ತಾರೆ; ಆದರೂ ಶೀತಕದಲ್ಲಿಟ್ಟು ಒಂದು ವಾರದೊಳಗೆ ಮುಗಿಸುವುದೇ ಸರಿ. ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಹಾಕುವ ಹಳೆಯ ರೂಢಿ ಇದೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಖಂಡಿತ ಬೇಡ.

ಮಕ್ಕಳ ಆಟದ ಹಿಟ್ಟಿಗೆ ಯಾವ ಅಳತೆ? ಸ್ಲೈಮ್ ಸುರಕ್ಷಿತವೇ?

ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಎರಡು ಲೋಟ ನೀರು, ಎರಡು ದೊಡ್ಡ ಚಮಚ ಎಣ್ಣೆ, ಸಿಕ್ಕಿದರೆ ಎರಡು ದೊಡ್ಡ ಚಮಚ ಕ್ರೀಮ್ ಆಫ್ ಟಾರ್ಟರ್ ಎಂಬ ಹುಳಿ ಪುಡಿ. ಎಲ್ಲವನ್ನೂ ಕಲಸಿ ಸಣ್ಣ ಉರಿಯಲ್ಲಿ ಪಾತ್ರೆಯ ಅಂಚು ಬಿಟ್ಟು ಉಂಡೆಗಟ್ಟುವವರೆಗೆ ತಿರುವಿ, ಆರಿದ ಮೇಲೆ ನಾದಿ, ಬಣ್ಣ ಸೇರಿಸಬೇಕು. ಉಪ್ಪು ಇಷ್ಟು ಹೆಚ್ಚಿರುವುದು ಹಿಟ್ಟು ಕೆಡದಿರಲೆಂದು. ಅದೇ ಕಾರಣಕ್ಕೆ ನಾಯಿ ಇದನ್ನು ತಿಂದರೆ ಉಪ್ಪಿನ ವಿಷಬಾಧೆಗೆ ಒಳಗಾಗುತ್ತದೆ, ಎತ್ತರದಲ್ಲಿ ಮುಚ್ಚಿಡಬೇಕು. ಸ್ಲೈಮ್ ಎಂಬ ಲೋಳೆಯಂಥ ಆಟಿಕೆಗೆ ಪಿವಿಎ ಎಂಬ ಅಂಟಿನ ಉದ್ದನೆಯ ಎಳೆಗಳನ್ನು ಒಂದಕ್ಕೊಂದು ಹೆಣೆಯಲು ಬಿಳಿಗಾರವನ್ನು ಬಳಸುತ್ತಾರೆ. ಬಿಳಿಗಾರ ಹೊಟ್ಟೆಗೆ ಹೋಗುವುದು ಹಾನಿಕರ, ಪದೇ ಪದೇ ಮುಟ್ಟಿದರೆ ಚರ್ಮವೂ ಕೆರಳಬಹುದು. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಕ್ಕಳಿಗೆ ಸ್ಲೈಮ್ ಕೊಡದೆ ಆಟದ ಹಿಟ್ಟನ್ನೇ ಕೊಡಬೇಕು.

ಗಿಡಮೂಲದ ಬಣ್ಣ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಶಾಯಿ ಮಾಡಬಹುದೇ?

ಬಣ್ಣವನ್ನು ಎಳೆಗೆ ಕಚ್ಚಿಸುವ ಲೋಹದ ಲವಣ ಬೇಕು. ಪಟಿಕ ಅತ್ಯಂತ ಸೌಮ್ಯವಾದದ್ದು. ಒಣ ಬಟ್ಟೆಯ ತೂಕದ ಶೇಕಡಾ 10ರಿಂದ 15ರಷ್ಟು ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯನ್ನು ಅದರಲ್ಲಿ ಸುಮಾರು ಒಂದು ಗಂಟೆ ಕಾಯಿಸಿ ಆಮೇಲೆ ಬಣ್ಣದ ನೀರಿಗೆ ಹಾಕಬೇಕು. ಉಣ್ಣೆ, ರೇಷ್ಮೆ ಪಟಿಕವನ್ನು ಸುಲಭವಾಗಿ ಹಿಡಿಯುತ್ತವೆ. ಹತ್ತಿ ಹಿಡಿಯುವುದಿಲ್ಲ, ಅದನ್ನು ಮೊದಲು ಅಳಲೆಕಾಯಿ ಅಥವಾ ದಾಳಿಂಬೆ ಸಿಪ್ಪೆಯ ಒಗರಿನ ನೀರಿನಲ್ಲಿ ನೆನೆಸಬೇಕು. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಇಲ್ಲಿ ಸುಳ್ಳು. ಬೀಟ್‌ರೂಟಿನ ಕೆಂಪಂತೂ ಏನು ಮಾಡಿದರೂ ಬಿಸಿಲಿಗೆ ಹಾರಿಹೋಗುತ್ತದೆ.

ಅದೇ ಒಗರು ನೀರಿಗೆ ಕಬ್ಬಿಣದ ಸಲ್ಫೇಟ್ ಸೇರಿಸಿ, ಬರೆಯುವಾಗ ಹರಡದಂತೆ ಸ್ವಲ್ಪ ಗೋಂದು ಬೆರೆಸಿದರೆ ಕಪ್ಪು ಶಾಯಿಯಾಗುತ್ತದೆ. ಬರೆದಾಗ ತೆಳ್ಳಗಿದ್ದು ಗಾಳಿ ತಗುಲಿದಂತೆ ಕಪ್ಪೇರುವ ಇದರ ನಡೆ ನೋಡಲು ಬಹಳ ಸೊಗಸು. ಆಮ್ಲೀಯವಾದ್ದರಿಂದ ಕಾಲಕ್ರಮದಲ್ಲಿ ಕಾಗದವನ್ನು ತಿನ್ನುತ್ತದೆ. ಬೆಲೆಯುಳ್ಳ ಶಾಯಿಲೇಖನಿಗೆ ತುಂಬಬಾರದು.

ಕಪ್ಪಾದ ಬೆಳ್ಳಿಯನ್ನು ಉಜ್ಜದೆ ಹೊಳೆಯಿಸುವುದು ಹೇಗೆ?

ಬೆಳ್ಳಿಯ ಕಪ್ಪು ಎಂದರೆ ಗಂಧಕದೊಂದಿಗೆ ಕೂಡಿದ ಬೆಳ್ಳಿಯೇ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಲೀಟರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡ ಕರಗಿಸಿದ ಕುದಿನೀರು ಸುರಿದರೆ ಗಂಧಕ ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ, ಬೆಳ್ಳಿ ಅಲ್ಲೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕ್ರಿಯೆ ನಡೆಯುತ್ತಿದೆ ಎಂದರ್ಥ. ಉಜ್ಜುವಾಗ ಬೆಳ್ಳಿ ಸವೆಯುವಂತೆ ಇಲ್ಲಿ ಸವೆಯುವುದಿಲ್ಲ. ಮುತ್ತು, ಹವಳ, ಅಂಟಿಸಿದ ಹರಳುಗಳಿರುವ ಆಭರಣಗಳಿಗೂ, ಕೆತ್ತನೆಯ ಸಂದಿಗಳಲ್ಲಿ ಬೇಕೆಂದೇ ಕಪ್ಪು ಉಳಿಸಿರುವ ವಸ್ತುಗಳಿಗೂ ಇದು ಬೇಡ.

ಮೇಣದಬತ್ತಿ ಮಾಡುವಾಗ ಎಚ್ಚರಿಕೆ ಏನು?

ಮೇಣವನ್ನು ನೀರಿನ ಪಾತ್ರೆಯ ಮೇಲೆಯೇ ಕರಗಿಸಬೇಕು, ಒಲೆಯ ಬಳಿಯಿಂದ ಕದಲಬಾರದು. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಿದಾಗ ಜ್ವಾಲೆ ಸಿಡಿದು ಹರಡುತ್ತದೆ. ಉರಿ ಆರಿಸಿ ಮುಚ್ಚಳ ಮುಚ್ಚಬೇಕು. ಬತ್ತಿ ತೆಳುವಾದರೆ ನಡುವೆ ಗುಳಿ ಬೀಳುತ್ತದೆ, ದಪ್ಪವಾದರೆ ಹೊಗೆಯಾಡುತ್ತದೆ.

ತಯಾರಿಸಿದ ವಸ್ತುಗಳನ್ನು ಹೇಗೆ ಇಡಬೇಕು?

ಪಾನೀಯದ ಹಳೆಯ ಸೀಸೆಗಳಲ್ಲಿ ಶುಚಿಕಾರಕಗಳನ್ನು ತುಂಬಿಡಬಾರದು. ಮನೆಯಲ್ಲಿ ಆಗುವ ವಿಷಪ್ರಾಶನಕ್ಕೆ ಇದು ಬಹು ಪರಿಚಿತ ಕಾರಣ, ಮಕ್ಕಳಷ್ಟೇ ಅಲ್ಲ ಹಿರಿಯರೂ ಹೀಗೆ ಮೋಸಹೋಗುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಬೆಳಕಿಗೆ ಶಕ್ತಿ ಕಳೆದುಕೊಳ್ಳುವುದರಿಂದ ಅದು ಬಂದ ಕಪ್ಪು ಸೀಸೆಯಲ್ಲೇ ಇರಲಿ. ಕಾಸ್ಟಿಕ್ ಸೋಡ ಗಾಳಿಯ ತೇವವನ್ನು ಹೀರಿ ನೀರಾಗುತ್ತದೆ. ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿಡಬೇಕು. ಪ್ರತಿ ಡಬ್ಬಿಯ ಮೇಲೂ ವಸ್ತುವಿನ ಹೆಸರು, ಸೇರಿಸಿದ ಸಾಮಗ್ರಿಗಳು ಮತ್ತು ತಯಾರಿಸಿದ ದಿನಾಂಕವನ್ನು ನೀರಿಗೆ ಅಳಿಸದ ಶಾಯಿಯಲ್ಲಿ ಬರೆದು ಅಂಟಿಸಿ. ಯಾರಿಗಾದರೂ ಚರ್ಮದ ತೊಂದರೆಯಾದರೆ ಅಥವಾ ಮಗು ಬಾಯಿಗಿಟ್ಟರೆ ವೈದ್ಯರಿಗೆ ತೋರಿಸಲು ಬೇಕಾಗುವುದು ಆ ಚೀಟಿಯೇ. ಡಬ್ಬಿಯನ್ನೂ ಜೊತೆಯಲ್ಲಿ ಒಯ್ಯಬೇಕು.